ಸೇರಿದ್ದಾಯ್ತು, ಮುಂದೆ? ಆನ್‌ಲೈನ್ ಕಲಿಕೆಯಲ್ಲಿ ವಿದ್ಯಾರ್ಥಿಗಳು ಉಳಿಯುವುದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸ್‌ಗಳ ಕೆಲಸ ನೋಡಿಕೊಂಡಿದ್ದೇನೆ. ಲಾಗಿನ್ ಆಗದವರ ಫೋನ್ ಎತ್ತುವುದರಿಂದ ಹಿಡಿದು ವಿಡಿಯೊ ಎಡಿಟ್ ಮಾಡುವವರೆಗೆ ಎಲ್ಲವೂ ನನ್ನ ತಲೆ ಮೇಲೆ ಇತ್ತು. ಆಗ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಆಡಳಿತದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಓದಿ ತಿಳಿದದ್ದೂ ಇದೆ, ಪೆಟ್ಟು ತಿಂದು ಕಲಿತದ್ದೂ ಇದೆ.

ಸೇರುವುದು, ಮುಂದುವರಿಯುವುದು ಎರಡೂ ಒಂದೇ ಅಲ್ವಾ?

ಅಲ್ಲ. ಸೇರಲು ಒಂದು ಕ್ಲಿಕ್ ಸಾಕು. ಗೆಳೆಯ ಸೇರಿದ, ಪುಕ್ಕಟೆ ಇದೆ, ಮೇಷ್ಟ್ರು ಹೇಳಿದರು, ರಜೆಯಲ್ಲಿ ಏನಾದರೂ ಮಾಡೋಣ ಅನ್ನಿಸಿತು, ಇಷ್ಟರಲ್ಲಿ ಯಾವುದಾದರೂ ಒಂದು ಇದ್ದರೆ ಆಯಿತು. ಆರಂಭಶೂರತ್ವ ಅನ್ನುವ ಮಾತು ಸುಮ್ನೆ ಹುಟ್ಟಿಲ್ಲ.

1989ರಲ್ಲಿ ಫ್ರೆಡ್ ಡೇವಿಸ್ ಎಂಬ ಸಂಶೋಧಕರು, ಜನ ಹೊಸ ಸಾಫ್ಟ್‌ವೇರನ್ನು ಯಾಕೆ ಒಪ್ಪಿಕೊಳ್ಳುತ್ತಾರೆ ಎಂದು ಕೇಳಿ ಎರಡು ಕಾರಣ ಮುಂದಿಟ್ಟರು. ಇದರಿಂದ ನನಗೆ ಉಪಯೋಗ ಇದೆ ಅನ್ನಿಸಬೇಕು. ಬಳಸುವುದು ಸುಲಭ ಅನ್ನಿಸಬೇಕು. ಎರಡೂ 'ಅನ್ನಿಸುವ' ವಿಷಯಗಳೇ, ಗಮನಿಸಿ. ಹೊಸಬರ ವಿಷಯದಲ್ಲಿ ಈ ಉತ್ತರ ಚೆನ್ನಾಗಿ ಹೊಂದುತ್ತದೆ.

2001ರಲ್ಲಿ ಅನೋಲ್ ಭಟ್ಟಾಚಾರ್ಜಿ ಬೇರೆ ಪ್ರಶ್ನೆ ಕೇಳಿದರು. ಒಮ್ಮೆ ಬಳಸಿದವರು ಮತ್ತೆ ಯಾಕೆ ಬಳಸುತ್ತಾರೆ? ಅವರು ನೋಡಿದ್ದು ಆನ್‌ಲೈನ್ ಬ್ಯಾಂಕಿಂಗ್ ಬಳಸುವವರನ್ನು. ಗ್ರಾಹಕರ ತೃಪ್ತಿಯ ಬಗ್ಗೆ 1980ರಲ್ಲಿ ರಿಚರ್ಡ್ ಆಲಿವರ್ ಹೇಳಿದ್ದನ್ನು ಅಲ್ಲಿಗೆ ಹೊಂದಿಸಿದರು. ಅದರ ಸಾರ ಇಷ್ಟು: ಮೊದಲು ಏನು ಸಿಗುತ್ತದೆ ಎಂದುಕೊಂಡಿದ್ದೆ, ಆಮೇಲೆ ನಿಜಕ್ಕೂ ಏನು ಸಿಕ್ಕಿತು, ಎರಡನ್ನೂ ಮನಸ್ಸು ತಾಳೆ ನೋಡುತ್ತದೆ. ತಾಳೆಯಾದರೆ ಸಮಾಧಾನ. ಸಮಾಧಾನ ಇದ್ದರೆ, ಉಪಯೋಗವೂ ಕಂಡರೆ, ಮತ್ತೆ ಬರುತ್ತಾರೆ. ಆಮೇಲೆ ಇದನ್ನೇ ಆನ್‌ಲೈನ್ ಕಲಿಕೆಗೆ ಹೊಂದಿಸಿ ನೋಡಿದ ಅಧ್ಯಯನಗಳು ರಾಶಿ ರಾಶಿ ಬಂದಿವೆ.

ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಬಿಟ್ಟುಹೋದವರಿಗೆ ಫೋನ್ ಮಾಡಿದಾಗ 'ಕಷ್ಟ ಆಯ್ತು' ಅಂದವರು ಕಡಿಮೆ. 'ನಾನು ಅಂದುಕೊಂಡಿದ್ದು ಇದಲ್ಲ' ಅಂದವರೇ ಜಾಸ್ತಿ.

ಹಾಗಾದರೆ ಮೊದಲೇ ನಿರೀಕ್ಷೆ ಕಡಿಮೆ ಮಾಡಿಸಿಬಿಟ್ಟರೆ ಸಾಕಾ?

ತಮಾಷೆಗೆ ಕೇಳಿದರೂ ಒಳ್ಳೆಯ ಪ್ರಶ್ನೆ. ತೀರಾ ಕಡಿಮೆ ಮಾಡಿದರೆ ಯಾರೂ ಸೇರುವುದೇ ಇಲ್ಲ. ಆದರೆ ನಿಜ ಹೇಳುವುದರಲ್ಲಿ ಲಾಭ ಇದೆ. ವಾರಕ್ಕೆ 6 ಗಂಟೆ ಬೇಕಾಗುವ ಕೋರ್ಸಿನ ಪುಟದಲ್ಲಿ 'ದಿನಕ್ಕೆ ಕೆಲವೇ ನಿಮಿಷ' ಎಂದು ಬರೆದರೆ ಎರಡನೇ ವಾರದಲ್ಲೇ ವಿದ್ಯಾರ್ಥಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ. ಕೋರ್ಸ್ ಎಷ್ಟೇ ಚೆನ್ನಾಗಿದ್ದರೂ ಆಮೇಲೆ ಆ ಭಾವನೆ ಹೋಗುವುದಿಲ್ಲ.

ನಿಜಕ್ಕೂ ಎಷ್ಟು ಜನ ಮುಗಿಸುತ್ತಾರೆ?

ಯಾವ ಕೋರ್ಸ್ ಎನ್ನುವುದರ ಮೇಲೆ ಹೋಗುತ್ತದೆ. ಯಾರು ಬೇಕಾದರೂ ಪುಕ್ಕಟೆ ಸೇರಬಹುದಾದ ದೊಡ್ಡ ಕೋರ್ಸ್‌ಗಳಿಗೆ ಮೂಕ್ ಎನ್ನುತ್ತಾರೆ. (ಕನ್ನಡದ ಕಿವಿಗೆ ಅದು 'ಮೂಕ' ಎಂದೇ ಕೇಳಿಸುತ್ತದೆ. ಸಾವಿರಾರು ಜನ ಸೇರಿಯೂ ಒಬ್ಬರೂ ಬಾಯಿ ಬಿಡದ ಕೋರ್ಸ್‌ಗಳನ್ನು ನೋಡಿದ ಮೇಲೆ ಹೆಸರು ಸರಿಯಾಗೇ ಇದೆ ಎನ್ನಿಸಿದೆ.) 2011ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಕೋರ್ಸೊಂದನ್ನು ಆನ್‌ಲೈನ್‌ನಲ್ಲಿ ಎಲ್ಲರಿಗೂ ತೆರೆದಾಗ ಸುಮಾರು 1,60,000 ಜನ ಸೇರಿದರು. ಜಗತ್ತೇ ಬೆರಗಾಯಿತು. ಕೊನೆ ಮುಟ್ಟಿದವರು 20,000ಕ್ಕೂ ಸ್ವಲ್ಪ ಜಾಸ್ತಿ.

ಆಮೇಲೆ ಆ ಸಂಭ್ರಮ ಇಳಿಯಿತು. ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್‌ಗಳ ಜಾಲತಾಣದಲ್ಲಿ ನಡೆಸಿದ ಕೋರ್ಸ್‌ಗಳ ಲೆಕ್ಕವನ್ನು ಜಸ್ಟಿನ್ ರೈಷ್ ಮತ್ತು ಹೊಸೆ ರುಯಿಪೆರೆಸ್ ವಲಿಯೆಂಟೆ 2019ರಲ್ಲಿ ಪ್ರಕಟಿಸಿದರು. 2017-18ರಲ್ಲಿ ಭಾಗವಹಿಸಿದವರಲ್ಲಿ ಕೋರ್ಸ್ ಮುಗಿಸಿದವರು ಶೇ. 3ರ ಆಸುಪಾಸು. ಹೆಸರು ಕೊಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೋರ್ಸಿನ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ!

ಪದವಿಗೆ ಸೇರಿ, ಅಂಕಕ್ಕಾಗಿ ತೆಗೆದುಕೊಳ್ಳುವ ಆನ್‌ಲೈನ್ ಕೋರ್ಸ್‌ಗಳ ಕಥೆ ಬೇರೆ. ಅಲ್ಲಿ ಬಿಟ್ಟುಹೋದರೆ ನಷ್ಟ ಇದೆ. ಹಾಗಾಗಿ ಮೂಕ್‌ನ ಅಂಕಿಗಳನ್ನು ತಂದು ನಿಮ್ಮ ಸೆಮಿಸ್ಟರ್ ಕೋರ್ಸಿಗೆ ಅಂಟಿಸಬೇಡಿ.

ದುಡ್ಡು ಕಟ್ಟಿದರೆ ಮುಗಿಸುತ್ತಾರಂತೆ, ಹೌದಾ?

ಅದೇ ಲೆಕ್ಕದಲ್ಲಿ, ಪ್ರಮಾಣಪತ್ರಕ್ಕೆ ದುಡ್ಡು ಕಟ್ಟಿದವರಲ್ಲಿ ಶೇ. 46 ಜನ ಮುಗಿಸಿದ್ದರು. ವ್ಯತ್ಯಾಸ ದೊಡ್ಡದೇ. ಆದರೆ ದುಡ್ಡು ಕಟ್ಟಿದ್ದರಿಂದ ಮುಗಿಸಿದರಾ, ಮುಗಿಸಬೇಕೆಂದು ಗಟ್ಟಿ ಮಾಡಿಕೊಂಡವರೇ ದುಡ್ಡು ಕಟ್ಟಿದರಾ? ಎರಡನೆಯದೇ ಜಾಸ್ತಿ ಎಂದು ನನ್ನ ಅನಿಸಿಕೆ. ಇನ್ನೊಂದು ಕಡೆಯಿಂದ ನೋಡಿ, ದುಡ್ಡು ಕಟ್ಟಿದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಮುಗಿಸಲಿಲ್ಲ.

ವಿಡಿಯೊ ಎಷ್ಟು ಉದ್ದ ಇರಬೇಕು?

ಎಲ್ಲರೂ '6 ನಿಮಿಷ' ಎನ್ನುತ್ತಾರೆ. ಇದು ಬಂದದ್ದು ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಎಡ್‌ಎಕ್ಸ್‌ನ ನಾಲ್ಕು ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳು ವಿಡಿಯೊ ನೋಡಿದ 69 ಲಕ್ಷ ಸಲದ ದಾಖಲೆಯನ್ನು ಅವರು ಜಾಲಾಡಿದರು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ಸಾಮಾನ್ಯವಾಗಿ ಕೂತು ನೋಡುವುದು ಹೆಚ್ಚೆಂದರೆ 6 ನಿಮಿಷ ಎಂದು ಕಂಡಿತು.

ಆದರೆ ಆ ಅಧ್ಯಯನದಲ್ಲಿ ಇದಕ್ಕಿಂತ ಒಳ್ಳೆಯ ಸಂಗತಿಗಳೂ ಇದ್ದವು, ಅವನ್ನು ಯಾರೂ ಹೇಳುವುದಿಲ್ಲ. ಮೇಷ್ಟ್ರು ತಮ್ಮ ಮೇಜಿನ ಮುಂದೆ ಕೂತು ಆಪ್ತವಾಗಿ ಮಾತಾಡಿದ ವಿಡಿಯೊಗಳು, ದುಬಾರಿ ಸ್ಟುಡಿಯೊದಲ್ಲಿ ತೆಗೆದ ವಿಡಿಯೊಗಳಿಗಿಂತ ಜಾಸ್ತಿ ಹೊತ್ತು ಹಿಡಿದಿಟ್ಟವು. ಬರೀ ಸ್ಲೈಡ್ ತೋರಿಸುವುದಕ್ಕಿಂತ ಕೈಯಲ್ಲಿ ಬರೆಯುತ್ತಾ ವಿವರಿಸುವುದು ಮೇಲು. ಸ್ವಲ್ಪ ಚುರುಕಾಗಿ, ಹುರುಪಿನಿಂದ ಮಾತಾಡುವವರನ್ನು ಜನ ಜಾಸ್ತಿ ಹೊತ್ತು ನೋಡಿದರು.

ನನ್ನ ಕಣ್ಣಾರೆ ಕಂಡದ್ದು ಒಂದು ಹೇಳುತ್ತೇನೆ. ತರಗತಿಯ 52 ನಿಮಿಷದ ರೆಕಾರ್ಡಿಂಗ್ ಒಂದನ್ನು ಹಾಗೆಯೇ ಏರಿಸಿದ್ದೆವು. ಯಾವ ನಿಮಿಷದಲ್ಲಿ ಎಷ್ಟು ಜನ ಇದ್ದರು ಎಂದು ತೋರಿಸುವ ಗೆರೆ, ಶುರುವಾದ ಕೆಲವೇ ನಿಮಿಷಕ್ಕೆ ಪಾತಾಳಕ್ಕೆ ಬಿದ್ದಿತ್ತು. ಆದರೆ 38ನೇ ನಿಮಿಷದಲ್ಲಿ ಮತ್ತೆ ಚೂಪಾಗಿ ಮೇಲೆದ್ದಿತ್ತು. ಏನು ಅಂತ ಹೋಗಿ ನೋಡಿದರೆ, ಮೇಷ್ಟ್ರು ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ ತೋರಿಸಿದ್ದರು. ಅಸೈನ್‌ಮೆಂಟಿನಲ್ಲಿ ಬಂದದ್ದೂ ಅಂಥದ್ದೇ ಲೆಕ್ಕ. ವಿದ್ಯಾರ್ಥಿಗಳು ಪುಸ್ತಕದ ಪುಟ ತಿರುವುವ ಹಾಗೆ ವಿಡಿಯೊ ತಿರುವುತ್ತಿದ್ದರು. ಅದಾದ ಮೇಲೆ 'ಉದ್ದ ಎಷ್ಟು' ಅನ್ನುವ ಚಿಂತೆ ಬಿಟ್ಟೆ. ಬೇಕಾದ ಜಾಗ ಬೇಗ ಸಿಗುತ್ತದಾ ಎಂದು ನೋಡಲು ಶುರು ಮಾಡಿದೆ. ಪ್ರತಿ ಭಾಗಕ್ಕೂ ಹೆಸರು ಕೊಟ್ಟು, ಸಮಯ ಬರೆದು, ಕೆಳಗೆ ಸಾಲು ಸಾಲಾಗಿ ಹಾಕಿದೆವು. ಅಷ್ಟಕ್ಕೇ ದೂರುಗಳು ಕಡಿಮೆಯಾದವು.

ಮೇಷ್ಟ್ರು ಇಲ್ಲದಿದ್ದರೂ ನಡೆಯುತ್ತದಲ್ಲ? ಎಲ್ಲ ರೆಕಾರ್ಡ್ ಆಗಿದೆ.

ನಡೆಯುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

2000ರಲ್ಲಿ ರ‍್ಯಾಂಡಿ ಗ್ಯಾರಿಸನ್, ಟೆರ‍್ರಿ ಆ್ಯಂಡರ್ಸನ್, ವಾಲ್ಟರ್ ಆರ್ಚರ್ ಎಂಬ ಮೂವರು ಆನ್‌ಲೈನ್ ಕಲಿಕೆಗೆ ಮೂರು ಬಗೆಯ 'ಇರುವಿಕೆ' ಬೇಕು ಎಂದರು. ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಮನುಷ್ಯರಾಗಿ ಕಾಣಬೇಕು. ಯೋಚನೆ ನಿಜಕ್ಕೂ ನಡೆಯುತ್ತಿರಬೇಕು. ಕಲಿಸುವವರು ಅಲ್ಲಿ ಇದ್ದಾರೆ ಎಂದು ಗೊತ್ತಾಗುತ್ತಿರಬೇಕು. ಮೂರನೆಯದು ಬಿದ್ದರೆ ಮೊದಲಿನ ಎರಡೂ ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಒಂದು ರಾತ್ರಿ 11:40ಕ್ಕೆ ಚರ್ಚೆಯ ಪುಟದಲ್ಲಿ ಪ್ರಶ್ನೆ ಬಿತ್ತು: 'ಮೂರನೇ ಹೆಜ್ಜೆಯಲ್ಲಿ ಮೈನಸ್ ಹೇಗೆ ಬಂತು?' ಅಷ್ಟೇ. ಮರುದಿನ ಉತ್ತರ ಇಲ್ಲ. ಮೂರನೇ ದಿನ ಅದೇ ವಿದ್ಯಾರ್ಥಿ ಕೆಳಗೆ 'ಯಾರಾದರೂ ಇದ್ದೀರಾ?' ಎಂದು ಬರೆದರು. ಒಂಬತ್ತನೇ ದಿನ ಮೇಷ್ಟ್ರು ಅರ್ಧ ಪುಟದ, ಬಹಳ ಚೆನ್ನಾದ ಉತ್ತರ ಹಾಕಿದರು. ಊಟಕ್ಕಿಲ್ಲದ ಉಪ್ಪಿನಕಾಯಿ. ಆ ವಿದ್ಯಾರ್ಥಿ ಏಳನೇ ದಿನದ ನಂತರ ಲಾಗಿನ್ ಆಗಿರಲಿಲ್ಲ. ಇನ್ನೂ ಬೇಸರದ ವಿಷಯ ಎಂದರೆ, ಆ ಪ್ರಶ್ನೆಯನ್ನು ಉಳಿದ 60 ಜನ ತೆರೆದು ನೋಡಿದ್ದರು. ಇಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ ಎಂದು ಅವರೂ ಕಲಿತರು.

ಮೇಷ್ಟ್ರಿಗೆ ಪುರುಸೊತ್ತಿಲ್ಲ ಎನ್ನುವುದೂ ನಿಜವೇ. 200 ಜನರ ಕೋರ್ಸಿಗೆ ಒಬ್ಬರೇ ಎಷ್ಟು ಉತ್ತರ ಬರೆದಾರು? ಅದಕ್ಕೆ ನಾವು ಕಂಡುಕೊಂಡ ದಾರಿ ಸರಳ: 'ಮಂಗಳವಾರ ಮತ್ತು ಶುಕ್ರವಾರ ಸಂಜೆ ಉತ್ತರ ಕೊಡುತ್ತೇನೆ' ಎಂದು ಪುಟದ ಮೇಲೆ ಬರೆದು, ಹಾಗೆಯೇ ನಡೆದುಕೊಳ್ಳುವುದು. ತಕ್ಷಣ ಉತ್ತರ ಸಿಗದಿದ್ದರೂ ವಿದ್ಯಾರ್ಥಿಗಳು ಕಾಯುತ್ತಾರೆ, ಯಾವಾಗ ಸಿಗುತ್ತದೆ ಎಂದು ಗೊತ್ತಿದ್ದರೆ.

ಸಹಪಾಠಿಗಳು ಅಷ್ಟು ಮುಖ್ಯವಾ?

ಮುಖ್ಯ. ವಿದ್ಯಾರ್ಥಿಗಳು ಕಾಲೇಜು ಬಿಡುವ ಬಗ್ಗೆ ವಿನ್ಸೆಂಟ್ ಟಿಂಟೊ 1975ರಲ್ಲೇ ಬರೆದಿದ್ದರು, ಇಂಟರ್ನೆಟ್ ಮನೆಮನೆಗೆ ಬರುವ ಎಷ್ಟೋ ಮುಂಚೆ. ಓದಿನ ಜೊತೆಗೂ ಅಲ್ಲಿನ ಜನರ ಜೊತೆಗೂ ನಂಟು ಬೆಳೆದರೆ ಉಳಿಯುತ್ತಾರೆ ಎನ್ನುವುದು ಅವರ ವಾದ. ಆನ್‌ಲೈನ್‌ನಲ್ಲಿ ಈ ನಂಟು ತಾನಾಗಿ ಬೆಳೆಯುವುದಿಲ್ಲ. ಕಾರಿಡಾರ್ ಇಲ್ಲ, ಪಕ್ಕದ ಬೆಂಚ್ ಇಲ್ಲ.

ನಾವು ಕೊಟ್ಟ ಅಧಿಕೃತ ಚರ್ಚೆಯ ಪುಟ ಖಾಲಿ ಬಿದ್ದಿದ್ದಾಗಲೂ ವಿದ್ಯಾರ್ಥಿಗಳೇ ಮಾಡಿಕೊಂಡ ವಾಟ್ಸ್‌ಆ್ಯಪ್ ಗುಂಪು ರಾತ್ರಿಯೆಲ್ಲ ಗುಂಯ್‌ಗುಡುತ್ತಿತ್ತು. ಮೊದಲು ನನಗೆ ಬೇಜಾರಾಗಿತ್ತು. ಆಮೇಲೆ ಅರ್ಥವಾಯಿತು, ಮೇಷ್ಟ್ರ ಕಣ್ಣಿಲ್ಲದ ಜಾಗವೂ ಅವರಿಗೆ ಬೇಕು. ಅದರಲ್ಲಿ ಉತ್ತರ ನಕಲು ಮಾಡುವುದೂ ನಡೆಯುತ್ತದೆ, ಸುಳ್ಳು ಹೇಳುವುದಿಲ್ಲ.

ಆ್ಯಪ್ ಕೈಕೊಟ್ಟರೆ ಜನ ಬಿಟ್ಟುಹೋಗುತ್ತಾರಾ?

ಒಮ್ಮೆ ಕೈಕೊಟ್ಟರೆ ಬಿಡುವುದಿಲ್ಲ. ತಪ್ಪಾದ ಹೊತ್ತಿನಲ್ಲಿ ಕೈಕೊಟ್ಟರೆ ಬಿಡುತ್ತಾರೆ.

ನಾನೇ ವಿದ್ಯಾರ್ಥಿಯಾಗಿ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದ್ದೆ. ಮೂರು ರಾತ್ರಿ ಕೂತು ಬರೆದ ಅಸೈನ್‌ಮೆಂಟ್. ಡೆಡ್‌ಲೈನಿಗೆ ಹತ್ತು ನಿಮಿಷ ಬಾಕಿ. ಅಪ್‌ಲೋಡ್ ಪಟ್ಟಿ ಶೇ. 97ಕ್ಕೆ ಬಂದು ನಿಂತಿತು. ಕಾದೆ. ಮತ್ತೆ ಒತ್ತಿದೆ. 'ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ' ಎಂದಿತು. ಲಾಗಿನ್ ಆಗುವಷ್ಟರಲ್ಲಿ ಸಬ್‌ಮಿಟ್ ಬಟನ್ ಬೂದು ಬಣ್ಣಕ್ಕೆ ತಿರುಗಿತ್ತು. ಸಹಾಯಕ್ಕೆ ಬರೆದರೆ ಯಂತ್ರದ ಉತ್ತರ ಬಂತು. ಆಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ಅಲ್ಲಿ ಪಾಠಗಳು ಚೆನ್ನಾಗಿದ್ದವು ಎನ್ನುವುದು ಈಗಲೂ ನೆನಪಿದೆ, ಆದರೂ ಹೋಗಲಿಲ್ಲ.

ಸಾಫ್ಟ್‌ವೇರ್ ವ್ಯವಸ್ಥೆಯೊಂದು ಗೆದ್ದಿತಾ ಇಲ್ಲವಾ ಎಂದು ಅಳೆಯಲು ವಿಲಿಯಂ ಡಿಲೋನ್ ಮತ್ತು ಎಫ್ರೇಮ್ ಮೆಕ್ಲೀನ್ 1992ರಲ್ಲಿ ಒಂದು ಮಾದರಿ ಕೊಟ್ಟಿದ್ದರು. ವ್ಯವಸ್ಥೆಯ ಗುಣಮಟ್ಟ, ಮಾಹಿತಿಯ ಗುಣಮಟ್ಟ ಎರಡೂ ಅದರಲ್ಲಿದ್ದವು. 2003ರಲ್ಲಿ ತಿದ್ದಿದಾಗ ಮೂರನೆಯದನ್ನು ಸೇರಿಸಿದರು: ಸೇವೆಯ ಗುಣಮಟ್ಟ. ಕೆಟ್ಟಾಗ ಫೋನ್ ಎತ್ತುವವರು ಇದ್ದಾರಾ? ನನ್ನ ಶೇ. 97ರ ಕಥೆಯಲ್ಲಿ ಒಬ್ಬ ಮನುಷ್ಯ 'ಆಯ್ತು, ಇಮೇಲ್ ಮಾಡಿ, ಸೇರಿಸಿಕೊಳ್ಳುತ್ತೇವೆ' ಎಂದಿದ್ದರೆ ಸಾಕಿತ್ತು.

ಲೈವ್ ಕ್ಲಾಸಿನಲ್ಲಿ ಕ್ಯಾಮೆರಾ ಕಡ್ಡಾಯ ಮಾಡಬಹುದಾ?

ಮಾಡದಿರುವುದೇ ವಾಸಿ. ವಿಡಿಯೊ ಕರೆಗಳು ಯಾಕೆ ಅಷ್ಟು ಸುಸ್ತು ಮಾಡುತ್ತವೆ ಎಂದು ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲನ್ಸನ್ 2021ರಲ್ಲಿ ಬರೆದರು. ಎಲ್ಲರ ಕಣ್ಣೂ ಹತ್ತಿರದಿಂದ ನಮ್ಮನ್ನೇ ನೋಡುತ್ತಿರುತ್ತದೆ, ನಮ್ಮ ಮುಖ ನಮಗೇ ಕಾಣುತ್ತಿರುತ್ತದೆ, ಕೂತಲ್ಲಿಂದ ಅಲ್ಲಾಡುವ ಹಾಗಿಲ್ಲ, ಸನ್ನೆಗಳನ್ನು ಕಷ್ಟಪಟ್ಟು ಓದಬೇಕು. ಇದರ ಮೇಲೆ ಒಂದೇ ಕೋಣೆಯಲ್ಲಿ ಇಡೀ ಮನೆಯವರು ಇರುವ ವಿದ್ಯಾರ್ಥಿಯ ಮುಜುಗರ ಬೇರೆ. ಮೊದಲ ಐದು ನಿಮಿಷ ಎಲ್ಲರೂ ಕ್ಯಾಮೆರಾ ಹಾಕಿ ನಮಸ್ಕಾರ ಹೇಳಿ, ಆಮೇಲೆ ಇಷ್ಟ ಬಂದ ಹಾಗೆ ಇರಲಿ.

ಬ್ಯಾಡ್ಜ್, ಪಾಯಿಂಟ್, ಲೀಡರ್‌ಬೋರ್ಡ್ ಹಾಕಿದರೆ?

ಮೊದಲ ವಾರ ಮಜಾ ಇರುತ್ತದೆ. ಆಮೇಲೆ ಪಟ್ಟಿಯ ಮೇಲಿನ ಐವರು ಆಡುತ್ತಾರೆ, ಕೆಳಗಿನ ನೂರು ಜನ ನಾಚಿಕೊಳ್ಳುತ್ತಾರೆ.

ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ತುಂಡು ಜೋಡಿಸುವ ಆಟ ಕೊಟ್ಟರು. ಅವರಿಗೆ ಅದು ಇಷ್ಟವಾಗಿತ್ತು. ಕೆಲವರಿಗೆ ಬಿಡಿಸಿದ್ದಕ್ಕೆ ದುಡ್ಡು ಕೊಟ್ಟು, ಆಮೇಲೆ ನಿಲ್ಲಿಸಿದರು. ಅವರು ಬಿಡುವಿನಲ್ಲಿ ಆಟದ ಕಡೆ ಕೈ ಹಾಕುವುದು ಕಡಿಮೆಯಾಯಿತು. ಆಮೇಲೆ ಡೆಸಿ ಮತ್ತು ರಿಚರ್ಡ್ ರಯಾನ್ ಸೇರಿ ಬೆಳೆಸಿದ ಸಿದ್ಧಾಂತ ಹೇಳುವುದು, ಮನುಷ್ಯ ಒಂದು ಕೆಲಸದಲ್ಲಿ ಮನಸ್ಸಿಟ್ಟು ಉಳಿಯಲು ಮೂರು ಬೇಕು: ನಾನೇ ಆರಿಸಿಕೊಂಡೆ ಎನ್ನುವ ಭಾವ, ನನ್ನ ಕೈಲಿ ಆಗುತ್ತದೆ ಎನ್ನುವ ನಂಬಿಕೆ, ನನ್ನವರು ಇದ್ದಾರೆ ಎನ್ನುವ ನಂಟು.

ಎರಡನೆಯದಕ್ಕೆ ಬ್ಯಾಡ್ಜ್ ಸ್ವಲ್ಪ ಸಹಾಯ ಮಾಡಬಹುದು, ನಿಜವಾದ ಕೆಲಸಕ್ಕೆ ಕೊಟ್ಟರೆ. ಲಾಗಿನ್ ಆದದ್ದಕ್ಕೆಲ್ಲ ಪದಕ ಕೊಟ್ಟರೆ ವಿದ್ಯಾರ್ಥಿಗಳಿಗೆ ನಗು ಬರುತ್ತದೆ. 'ನಿನ್ನ ಎರಡನೇ ಪ್ಯಾರಾ ಮೊದಲ ಸಲಕ್ಕಿಂತ ಬಿಗಿಯಾಗಿದೆ' ಎಂಬ ಒಂದು ಸಾಲು ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಕಡ್ಡಾಯ ಮಾಡಿಬಿಟ್ಟರೆ ಅಭ್ಯಾಸ ಆಗುವುದಿಲ್ಲವಾ?

2020ರಲ್ಲಿ ಇಡೀ ಜಗತ್ತು ಈ ಪ್ರಯೋಗ ಮಾಡಿ ನೋಡಿತು. ಕೊರೊನಾ ಕಾಲದಲ್ಲಿ 150 ಕೋಟಿಗೂ ಜಾಸ್ತಿ ವಿದ್ಯಾರ್ಥಿಗಳ ಶಾಲೆ ಕಾಲೇಜುಗಳು ಮುಚ್ಚಿದವು ಎಂದು ಯುನೆಸ್ಕೊ ಲೆಕ್ಕ ಕೊಟ್ಟಿತ್ತು. ಬೇರೆ ದಾರಿ ಇರಲಿಲ್ಲ, ಎಲ್ಲರೂ ಬಳಸಿದರು. ಬಾಗಿಲು ತೆರೆದ ಮೇಲೆ ಏನು ಉಳಿಯಿತು? ನಾನು ನೋಡಿದ ಕಡೆ, ಬೆಳಗ್ಗೆ ಒಂಬತ್ತರ ಲೈವ್ ಕ್ಲಾಸ್ ಯಾರಿಗೂ ಬೇಡವಾಯಿತು. ರೆಕಾರ್ಡಿಂಗ್, ಆನ್‌ಲೈನ್ ಕ್ವಿಜ್, ಎಲ್ಲ ನೋಟ್ಸ್ ಒಂದೇ ಕಡೆ ಸಿಗುವ ವ್ಯವಸ್ಥೆ ಉಳಿದವು. ಅವನ್ನು ಕಿತ್ತುಕೊಳ್ಳಲು ಹೋದಾಗ ವಿದ್ಯಾರ್ಥಿಗಳೇ ಜಗಳ ಮಾಡಿದರು.

ಹಾಜರಾತಿಗಾಗಿ ಲಾಗಿನ್ ಆಗಿ ಮಲಗುವುದನ್ನು ನಾನು ಬಳಕೆ ಎನ್ನುವುದಿಲ್ಲ.

ಅಭ್ಯಾಸ ಆಗಲು 21 ದಿನ ಸಾಕಂತೆ?

21 ದಿನದ ಮಾತು ನಂಬಬೇಡಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದಾಗ ನಡುವಿನ ಅಂಕಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254 ದಿನ ಎಂದು ಅಂದಾಜು. ಅದೂ ತಿನ್ನುವುದು, ಕುಡಿಯುವುದು, ವ್ಯಾಯಾಮದಂಥ ಸಣ್ಣ ಅಭ್ಯಾಸಗಳಿಗೆ. ಒಂದು ದಿನ ತಪ್ಪಿದರೆ ಎಲ್ಲ ಹಾಳಾಗುವುದಿಲ್ಲ ಎಂದೂ ಅದರಲ್ಲಿ ಕಂಡಿತು. ಬಿಟ್ಟು ಬಿಟ್ಟು ಓದುವವರಿಗೆ ಇದು ಸಮಾಧಾನದ ಮಾತು, ಅಲ್ವಾ?

ನೆನಪಿಸುವ ಮೆಸೇಜ್ ಕಳಿಸಿದರೆ, ಪ್ಲ್ಯಾನ್ ಬರೆಸಿದರೆ ಉಪಯೋಗ ಇದೆಯಾ?

ಸ್ವಲ್ಪ. 'ಯಾವ ದಿನ, ಯಾವ ಹೊತ್ತು, ಎಲ್ಲಿ ಕೂತು ಓದುತ್ತೀರಿ' ಎಂದು ಮೊದಲೇ ಬರೆಸುವ ಉಪಾಯವನ್ನು ರೆನೆ ಕಿಝಿಲ್ಸೆಕ್ ಮತ್ತು ಜೊತೆಗಾರರು ಸುಮಾರು 250 ಕೋರ್ಸ್‌ಗಳಲ್ಲಿ, ಎರಡೂವರೆ ಲಕ್ಷ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಮೊದಲ ಕೆಲವು ವಾರ ಓದು ಹೆಚ್ಚಿತು. ಕೊನೆಗೆ ಮುಗಿಸಿದವರ ಸಂಖ್ಯೆ ಮಾತ್ರ ಹೆಚ್ಚಲಿಲ್ಲ.

ದಿನಕ್ಕೆ ಮೂರು ನೋಟಿಫಿಕೇಶನ್ ಕಳಿಸುವವರಿಗೆ ಒಂದು ವಿನಂತಿ. ಜನ ಕೋರ್ಸ್ ಬಿಡುವ ಮೊದಲು ನೋಟಿಫಿಕೇಶನ್ ಬಂದ್ ಮಾಡುತ್ತಾರೆ.

ವಿದ್ಯಾರ್ಥಿಗಳಿಗೆ ಖುಷಿಯಾದರೆ ಕಲಿತ ಹಾಗೇ ಅಲ್ವಾ?

ಇಲ್ಲಿ ಎಲ್ಲರೂ ಎಡವುತ್ತಾರೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರೇ ಮುಂದೆ. ಒಂದು ವಾರದ ನಂತರ ಬರೆದವರು ಮುಂದೆ. ಆದರೆ 'ನನಗೆ ಚೆನ್ನಾಗಿ ನೆನಪಿರುತ್ತದೆ' ಎಂಬ ಧೈರ್ಯ ಜಾಸ್ತಿ ಇದ್ದದ್ದು ಬರೀ ಓದಿದವರಿಗೆ.

ಅಂದರೆ ಸಲೀಸಾದ ವಿಡಿಯೊ ನೋಡಿ 'ಎಲ್ಲ ಅರ್ಥ ಆಯ್ತು' ಎನ್ನುವವರು ಖುಷಿಯಾಗಿ ಉಳಿಯುತ್ತಾರೆ, ಪರೀಕ್ಷೆಯ ದಿನದವರೆಗೆ. ಅಂಕ ಬಂದ ಮೇಲೆ ಕೋರ್ಸನ್ನೇ ಬೈಯುತ್ತಾರೆ. ಹಾಗಾಗಿ ವಿಡಿಯೊದ ನಡುವೆ ಅಂಕವಿಲ್ಲದ ಎರಡು ಮೂರು ಪ್ರಶ್ನೆ ಇಡಿ. ಮೊದಲು ಗೊಣಗುತ್ತಾರೆ, ಗೊಣಗಲಿ. ತಪ್ಪು ಉತ್ತರಕ್ಕೆ 'ತಪ್ಪು' ಎಂದಷ್ಟೇ ಹೇಳಬೇಡಿ, ಯಾಕೆ ಎಂದು ಒಂದು ಸಾಲು ಬರೆಯಿರಿ.

ಬಿಟ್ಟವರೆಲ್ಲ ಸೋತ ಹಾಗಾ?

ಇಲ್ಲ. ಒಂದು ಸೂತ್ರ ಬೇಕಿತ್ತು, ಸಿಕ್ಕಿತು, ಹೋದರು. ಗ್ರಂಥಾಲಯದಲ್ಲಿ ಒಂದು ಅಧ್ಯಾಯ ಓದಿ ಪುಸ್ತಕ ವಾಪಸ್ ಇಟ್ಟವರನ್ನು ಯಾರೂ ಬೈಯುವುದಿಲ್ಲ.

ನಾನು ವಿದ್ಯಾರ್ಥಿ. ನಾಲ್ಕನೇ ವಾರದಲ್ಲಿ ನಿಂತುಬಿಟ್ಟಿದ್ದೇನೆ. ಈಗೇನು ಮಾಡಲಿ?

ಮೊದಲಿನಿಂದ ಶುರು ಮಾಡಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಮೊದಲ ವಾರದ ವಿಡಿಯೊವನ್ನೇ ಮೂರನೇ ಸಲ ನೋಡುತ್ತಾ ಕೂರುತ್ತೀರಿ, ನಾಲ್ಕನೇ ವಾರಕ್ಕೆ ಬಂದಾಗ ಮತ್ತೆ ಸುಸ್ತು.

ನಾಲ್ಕನೇ ವಾರದ ಕ್ವಿಜ್ ತೆರೆಯಿರಿ. ಗೊತ್ತಿಲ್ಲದಿದ್ದರೂ ಪ್ರಶ್ನೆಗಳನ್ನು ಓದಿ. ಯಾವುದು ತಿಳಿಯುವುದಿಲ್ಲವೋ ಅದಕ್ಕೆ ಬೇಕಾದ ವಿಡಿಯೊದ ತುಂಡನ್ನು ಮಾತ್ರ ನೋಡಿ. ಒಂದು ಪ್ರಶ್ನೆಗೆ ಉತ್ತರ ಬರೆದು ಅವತ್ತಿಗೆ ಮುಚ್ಚಿಡಿ. ಮರುದಿನ ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ ಕೂತು ಇನ್ನೊಂದು.

ಮೇಷ್ಟ್ರಿಗೆ ಎರಡು ಸಾಲು ಬರೆಯಿರಿ. 'ಕ್ಷಮಿಸಿ ಸರ್, ಮನೆಯಲ್ಲಿ ತೊಂದರೆ' ಎಂದು ಶುರು ಮಾಡಿ ಕಥೆ ಹೇಳುವುದೇನೂ ಬೇಡ. 'ಮೂರು ವಾರ ಬರಲಾಗಲಿಲ್ಲ, ಯಾವ ಅಸೈನ್‌ಮೆಂಟ್ ಇನ್ನೂ ತೆಗೆದುಕೊಳ್ಳುತ್ತೀರಿ?' ಎಂದು ಕೇಳಿ. ನನಗೆ ಬಂದ ಇಂಥ ಇಮೇಲ್‌ಗಳಲ್ಲಿ ಒಂದಕ್ಕೂ 'ಆಗಲ್ಲ' ಎಂದು ಬರೆದ ನೆನಪಿಲ್ಲ. ಬರೆದವರೇ ಕಡಿಮೆ.